ಶಿಪ್, ಶೀಪ್: ಬರೀ ದೀರ್ಘದ ಮಾತಾ?

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಎಲ್ಲರೂ ನೋಡಿ. ಶಿಪ್ ಹ್ರಸ್ವ, ಶೀಪ್ ದೀರ್ಘ. ಇ, ಈ ಕಲಿತ ನಮಗೆ ಇದು ನೀರು ಕುಡಿದಷ್ಟು ಸುಲಭ.

ನಾನು: ಅರ್ಧ ಸರಿ ಚಿಕ್ಕಪ್ಪ. ಶೀಪ್ ಅನ್ನುವಾಗ ನಾಲಿಗೆ ಮೇಲಕ್ಕೆ, ಮುಂದಕ್ಕೆ ಹೋಗುತ್ತದೆ. ಶಿಪ್ ಅನ್ನುವಾಗ ಕೊಂಚ ಇಳಿದು ಸಡಿಲವಾಗುತ್ತದೆ. 'ಎ' ಕಡೆ ವಾಲಿದ 'ಇ' ಅನ್ನಿ. ಉದ್ದ ಮಾತ್ರ ಅಲ್ಲ, ಸ್ವರವೇ ಬೇರೆ.

ಚಿಕ್ಕಪ್ಪ: ನಾನು ಓದಿದ ಡಿಕ್ಷನರಿಯಲ್ಲಿ ಎರಡಕ್ಕೂ ಒಂದೇ ಗುರುತು. ದೀರ್ಘಕ್ಕೆ ಪಕ್ಕದಲ್ಲಿ ಎರಡು ಚುಕ್ಕೆ, ಅಷ್ಟೇ. ಅದು ಸುಳ್ಳಾ?

ನಾನು: ಹಳೆಯದು. ಡೇನಿಯಲ್ ಜೋನ್ಸ್ ಅವರ 1917ರ ಉಚ್ಚಾರಣೆ ನಿಘಂಟಿನಲ್ಲಿ ಹಾಗೇ ಇತ್ತು. ಅದೇ ನಿಘಂಟಿನ 1977ರ ಆವೃತ್ತಿಯಲ್ಲಿ ಅದರ ಸಂಪಾದಕ ಗಿಮ್ಸನ್ ಶಿಪ್‌ನ ಸ್ವರಕ್ಕೆ ಬೇರೆ ಗುರುತು ಕೊಟ್ಟರು. ಶೀಪ್‌ನ ಚುಕ್ಕೆಗಳನ್ನು ತೆಗೆಯಲಿಲ್ಲ.

ಅತ್ತೆ: ಆದರೂ ಉದ್ದ ಕೇಳಿಸುತ್ತದಲ್ಲಾ?

ನಾನು: ಕೇಳಿಸುತ್ತದೆ ಅತ್ತೆ, ಆದರೆ ನಂಬುವ ಹಾಗಿಲ್ಲ. ಬ್ರಿಟಿಷರ ಬಾಯಲ್ಲಿ ಬೀಟ್, ಬೀಡ್ ಕೇಳಿ ನೋಡಿ. ಕೊನೆಗೆ ಟ ಬಂದರೆ ಹಿಂದಿನ ಸ್ವರ ಮೊಟಕಾಗುತ್ತದೆ. ಡ ಬಂದರೆ ಎಳೆಯುತ್ತದೆ. ಹಾಗಾಗಿ ಬೀಟ್‌ನ 'ಈ', ಹರಾಜಿನ ಬಿಡ್‌ನ 'ಇ' ಹೆಚ್ಚುಕಡಿಮೆ ಒಂದೇ ಉದ್ದ! ಆಗ ನಮ್ಮ ಹ್ರಸ್ವ ದೀರ್ಘದ ಲೆಕ್ಕ ಕೈಕೊಡುತ್ತದೆ.

ಸುಹಾಸ: ಅಕ್ಕಾ, ಯಾರಿಗೆ ಬೇಕು ಇದೆಲ್ಲ? ಕುರಿ ಹತ್ತಿ ಯಾರೂ ಸಮುದ್ರ ದಾಟುವುದಿಲ್ಲ. ಮಾತಿನ ಸಂದರ್ಭದಲ್ಲೇ ಗೊತ್ತಾಗುತ್ತದೆ.

ನಾನು: ಸರಿ, 'ಆ ಪೆನ್ ಕೊಡಿ', 'ಆ ಪ್ಯಾನ್ ಕೊಡಿ'? ಎರಡೂ ನಡೆಯುತ್ತವೆ. ನಾವು ಪ್ಯಾನ್ ಅಂತ ಬರೆದು 'ಯ' ಸೇರಿಸಿಯೇ ಓದುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ಯಕಾರವೇ ಇಲ್ಲ. ಬಾಯಿಯನ್ನು 'ಆ' ಅನ್ನುವಷ್ಟು ತೆರೆದು 'ಎ' ಅನ್ನಿ, ಹತ್ತಿರ ಬರುತ್ತದೆ. (ಕನ್ನಡಿ ಮುಂದೆ ಒಬ್ಬರೇ ಇದ್ದಾಗ ಮಾಡಿ.)

ಚಿಕ್ಕಪ್ಪ: ಅಮೆರಿಕದಲ್ಲಿ ಎಷ್ಟೋ ಜನ ಮಂಚದ 'ಕಾಟ್', ಹಿಡಿದ ಅನ್ನುವ 'ಕಾಟ್' ಎರಡನ್ನೂ ಒಂದೇ ಥರ ಹೇಳುತ್ತಾರೆ. ಅವರನ್ನೂ ತಿದ್ದುತ್ತೀಯಾ?

ನಾನು: ಇಲ್ಲ, ಅವರ ಮಾತಿನಲ್ಲಿ ಅವೆರಡೂ ಒಂದಾಗಿವೆ. ಅದು ತಪ್ಪಲ್ಲ. ಆದರೆ ಅವರೂ ಶಿಪ್, ಶೀಪ್ ಬೇರೆ ಬೇರೆಯಾಗಿಯೇ ಹೇಳುತ್ತಾರೆ.

ಚಿಕ್ಕಪ್ಪ: ಸುಮ್ನೆ ಜಾಸ್ತಿ ಓದಿದ್ದೀಯ.

ಅತ್ತೆ: (ವಾಯ್ಸ್ ಮೆಸೇಜ್) ಉದ್ದ ಒಂದೇ ಇಟ್ಟು ಎರಡು ಪದ ಹೇಳಿದ್ದೇನೆ. ಮೊದಲನೆಯದು ಯಾವುದು?

ಚಿಕ್ಕಪ್ಪ: ಶಿಪ್. ಇದರಲ್ಲೇನಿದೆ?

ಅತ್ತೆ: ಶೀಪ್ ಕಣೋ.