ಹದಿನೈದನೆಯ ಕಥೆ ನಿಂತುಹೋಗಿದೆ: ಬರೆಯುವ ಹುರುಪು ಎಲ್ಲಿಂದ ಬರಬೇಕು?

ಪ್ರೌಢಶಾಲಾ ಶಿಕ್ಷಕಿ:
6 ವರ್ಷಗಳಲ್ಲಿ 14 ಕಥೆಗಳನ್ನು ಬರೆದಿದ್ದೇನೆ. 3 ಅಚ್ಚಾದವು, ಉಳಿದವುಗಳ ಬಗ್ಗೆ ‘ಪ್ರಕಟಿಸುವುದಿಲ್ಲ’ ಎಂಬ ಒಂದು ಸಾಲೂ ಬರಲಿಲ್ಲ. ಸಂಕಲನ ತರುವ ಬಗ್ಗೆ ವಿಚಾರಿಸಿದಾಗ ಪ್ರಕಾಶಕರೊಬ್ಬರು 200 ಪ್ರತಿಗಳನ್ನು ನಾನೇ ಕೊಳ್ಳಬೇಕೆಂದರು. ಉತ್ತರಪತ್ರಿಕೆ ತಿದ್ದಿ, ಅಡುಗೆಮನೆ ತೊಳೆದು, ರಾತ್ರಿ ಹತ್ತಕ್ಕೆ ಕುಳಿತರೆ ‘ಯಾರಿಗಾಗಿ?’ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಹದಿನೈದನೆಯ ಕಥೆ ಎರಡು ಪುಟಕ್ಕೆ ನಿಂತು ನಾಲ್ಕು ತಿಂಗಳಾಯಿತು.

ಹಿಂದೆ ಉಪಸಂಪಾದಕನಾಗಿದ್ದವನು:
ಮೇಡಂ, ವಾರಪತ್ರಿಕೆಯಲ್ಲಿ ವಾರಕ್ಕೊಂದು ಕಥೆಗೆ ಜಾಗವೆಂದರೆ ವರ್ಷಕ್ಕೆ 52 ಮಾತ್ರ. ಆದ್ದರಿಂದ ಮೌನವನ್ನು ದಯವಿಟ್ಟು ತೀರ್ಪೆಂದು ತಿಳಿಯಬೇಡಿ. ನನ್ನ ಮೇಜಿಗೆ ಬರುತ್ತಿದ್ದ ಅನೇಕ ಹಸ್ತಪ್ರತಿಗಳಲ್ಲಿ ಮೊದಲ ಪುಟವಿಡೀ ಮಳೆ, ಮುಸ್ಸಂಜೆ, ಕಿಟಕಿ. ಕಥೆ ನಿಜಕ್ಕೂ ಶುರುವಾಗುವ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿಡುತ್ತಿದ್ದೆ. ಅಷ್ಟು ದೂರ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಹುರುಪಿಗಾಗಿ ಕಾಯುವ ಬದಲು ಒಂದು ಗಡುವನ್ನು ಹಿಡಿಯಿರಿ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯ ಕೊನೆಯ ದಿನಾಂಕ ಎಷ್ಟೋ ಜನರಿಂದ ಕಥೆಯನ್ನು ಮುಗಿಸಿಸಿದೆ.

ಧಾರವಾಡದ ಕಥೆಗಾರ್ತಿ:
ಸರ್, ಮೊದಲ ಮಾತನ್ನು ಒಪ್ಪುತ್ತೇನೆ, ಕೊನೆಯದನ್ನು ಒಪ್ಪಲಾರೆ. ಐದು ವರ್ಷ ನಾನು ಸ್ಪರ್ಧೆಗೆಂದೇ ಬರೆದೆ. ತೀರ್ಪುಗಾರರಿಗೆ ಏನು ಹಿಡಿಸೀತು ಎಂದು ಊಹಿಸುತ್ತಾ ಕುಳಿತವಳಿಗೆ ನನ್ನ ಪಾತ್ರಗಳ ದನಿಯೇ ಕೇಳಿಸದಾಯಿತು. ಫಲಿತಾಂಶ ಬಂದ ಮೇಲಂತೂ ತಿಂಗಳುಗಟ್ಟಲೆ ಪೆನ್ನು ಹಿಡಿಯುತ್ತಿರಲಿಲ್ಲ. ಈಗ ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಸೇರಿ, ಬರೆದಷ್ಟನ್ನು ಗಟ್ಟಿಯಾಗಿ ಓದುತ್ತೇವೆ. ಹೋದ ಸಲ ಓದು ಮುಗಿದು ಚಪ್ಪಲಿ ಮೆಟ್ಟುತ್ತಿದ್ದ ಗೆಳತಿ ತಿರುಗಿ, “ಆ ಅತ್ತೆ ಬೀಗದ ಕೈ ಯಾರಿಗೆ ಕೊಟ್ಟಳು?” ಎಂದು ಕೇಳಿದಳು. ಅದು ನನಗೇ ಗೊತ್ತಿರಲಿಲ್ಲ. ಆ ರಾತ್ರಿಯೇ ಕುಳಿತು ಬರೆದೆ.

ಹಳೆಯ ಪುಸ್ತಕಗಳ ಓದುಗ:
200 ಪ್ರತಿಗಳ ಮಾತಿಗೆ ಬರುತ್ತೇನೆ. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದರಲ್ಲ, ನಾವೇಕೆ ಕೈಯಿಂದ ಹಣ ಹಾಕಬಾರದು?

ಹಿಂದೆ ಉಪಸಂಪಾದಕನಾಗಿದ್ದವನು:
ಗಳಗನಾಥರು ಓದುಗರ ಮನೆಬಾಗಿಲಿಗೆ ಹೋದರು. ಲೇಖಕರಿಗೇ ಪ್ರತಿಗಳನ್ನು ಮಾರಿ ಕೈತೊಳೆದುಕೊಳ್ಳುವವರು ಓದುಗರನ್ನು ಹುಡುಕುವ ಶ್ರಮವನ್ನೇ ಪಡುವುದಿಲ್ಲ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲ ಕಥಾಸಂಕಲನದವರಿಗೆಂದೇ ‘ಛಂದ ಪುಸ್ತಕ’ ಪ್ರಕಾಶನವು ಹಸ್ತಪ್ರತಿ ಸ್ಪರ್ಧೆಯನ್ನು ನಡೆಸುತ್ತಾ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಸ್ವಂತ ದುಡ್ಡು ಸುರಿಯುವ ಮೊದಲು ಈ ಬಾಗಿಲುಗಳನ್ನು ತಟ್ಟಬೇಕು.

ಹಳೆಯ ಪುಸ್ತಕಗಳ ಓದುಗ:
ಒಪ್ಪಿದೆ. ಆದರೂ ತಾಳ್ಮೆಯ ಮಾತನ್ನು ಬಿಡಲಾರೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ತಂದುಕೊಟ್ಟ, ದೀಪಾ ಭಾಸ್ತಿ ಅನುವಾದಿಸಿದ ಸಂಕಲನದ 12 ಕಥೆಗಳು 1990ರಿಂದ 2023ರವರೆಗೆ ಬರೆದವು.

ಧಾರವಾಡದ ಕಥೆಗಾರ್ತಿ:
ಆ ಉದಾಹರಣೆಯನ್ನು ಕೇವಲ ತಾಳ್ಮೆಯ ಪಾಠವಾಗಿಸುವುದು ನನಗೆ ಸರಿಕಾಣುವುದಿಲ್ಲ. ಅವರು ವಕೀಲರಾಗಿದ್ದರು, ಪತ್ರಕರ್ತೆಯಾಗಿದ್ದರು, ಚಳವಳಿಯಲ್ಲಿದ್ದರು; ಹೆಣ್ಣುಮಕ್ಕಳ ಪಾಡನ್ನು ಎದುರಿಗೇ ಕಂಡವರು. ಆ ಒತ್ತಡವಿದ್ದದ್ದರಿಂದಲೇ ಬರೆದರು ಎಂದು ನಾನು ನಂಬುತ್ತೇನೆ. ಮೇಡಂ, ನಿಮ್ಮ ನಿಂತುಹೋದ ಕಥೆಯಲ್ಲಿ ಯಾರಿದ್ದಾರೆ?

ಪ್ರೌಢಶಾಲಾ ಶಿಕ್ಷಕಿ:
ಒಂಬತ್ತನೆಯ ತರಗತಿಯ ಮಗಳ ವರ್ಗಾವಣೆ ಪತ್ರ ಕೇಳಲು ಬಂದ ತಾಯಿ. ಈಗಷ್ಟೇ ತೆಗೆದು ಓದಿದೆ. ಮೊದಲ ಪುಟದಲ್ಲಿ, ಸರ್ ಹೇಳಿದಂತೆ, ಬರೀ ಮಳೆಯೇ ಇದೆ. ಅರ್ಜಿಯಲ್ಲಿ ‘ಕಾರಣ’ ಎಂಬಲ್ಲಿ ಏನು ಬರೆಯಲಿ ಎಂದು ಆಕೆ ಕೇಳುವ ಸಾಲು ಎರಡನೆಯ ಪುಟದ ಕೊನೆಗಿದೆ; ಅದನ್ನೇ ಮೊದಲಿಗೆ ತಂದಿದ್ದೇನೆ. ನಾನಿರುವುದು ದೂರದ ಊರಿನಲ್ಲಿ. ನಿಮ್ಮ ಭಾನುವಾರದ ಓದಿಗೆ ಫೋನಿನಲ್ಲಿ ಸೇರಿಕೊಳ್ಳಲು ಅವಕಾಶವಿದೆಯೇ?