ಪದಚರ್ಚೆ: ‘ಕ್ವಿಂಕ್ವಿರೀಮ್’ ಎಂದರೆ ಐದಂತಸ್ತಿನ ಹಡಗೇ?

ಪ್ರಶ್ನೆ: ಉತ್ತರ ಆಫ್ರಿಕದ ಕಾರ್ತೇಜ್ ನಗರದೊಡನೆ ರೋಮನ್ನರು ನಡೆಸಿದ ಕಡಲಯುದ್ಧದ ಬಗೆಗಿನ ಬರಹಕ್ಕೆ ಈ ಪದ ಬೇಕಿದೆ. ‘ಐದಂತಸ್ತಿನ ಹಡಗು’ ಸರಿಯೇ? ‘ಐದು ಹುಟ್ಟಿನ ಹಡಗು’ ಎನ್ನಬಹುದೇ?

ಉತ್ತರ: ಎರಡೂ ಬೇಡ. ಲ್ಯಾಟಿನ್ನಿನಲ್ಲಿ ‘ಕ್ವಿಂಕ್ವೆ’ ಎಂದರೆ ಐದು, ‘ರೇಮುಸ್’ ಎಂದರೆ ಹುಟ್ಟು. ಪದವನ್ನು ಹಾಗೇ ಬಿಡಿಸಿದರೆ ‘ಐದು ಹುಟ್ಟಿನದು’ ಎಂದೇ ಬರುತ್ತದೆ, ಎಡವುವುದೂ ಅಲ್ಲೇ. ಕನ್ನಡದಲ್ಲಿ ಐದು ಹುಟ್ಟಿನದು ಎಂದರೆ ಹೊಳೆ ದಾಟಿಸುವ ದೋಣಿ ಕಣ್ಣಿಗೆ ಕಟ್ಟುತ್ತದೆ. ಇದಾದರೋ ಕ್ರಿ.ಪೂ. 256ರ ಎಕ್ನೋಮಸ್ ಕದನದಲ್ಲಿ, ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಡುವ ಲೆಕ್ಕದಂತೆ, 300 ಜನ ಹುಟ್ಟು ಹಾಕುವವರನ್ನೂ 120 ಸೈನಿಕರನ್ನೂ ಹೊತ್ತ ಹಡಗು.

ಐದು ಎಂಬುದು ಆಳಿನ ಲೆಕ್ಕ. ಹುಟ್ಟುಗಳು ಒಂದರ ಮೇಲೊಂದು ಮೂರು ಸಾಲು. ಮೇಲಿನ ಹುಟ್ಟಿಗೆ ಇಬ್ಬರು, ನಡುವಿನದಕ್ಕೆ ಇಬ್ಬರು, ಕೆಳಗಿನದಕ್ಕೆ ಒಬ್ಬ. ಹೆಚ್ಚಿನ ವಿದ್ವಾಂಸರು ಒಪ್ಪುವ ಜೋಡಣೆ ಇದು. ಹೀಗೆ ಐವರ ಗುಂಪು ಪಕ್ಕಕ್ಕೆ ಮೂವತ್ತರಂತೆ ಕೂತರೆ ಮುನ್ನೂರಕ್ಕೆ ಸರಿಹೋಗುತ್ತದೆ. ಅಂತಸ್ತೇ ಐದಾದರೆ ಮೇಲಿನ ಹುಟ್ಟು ನೀರು ಮುಟ್ಟಲು ವಿಪರೀತ ಉದ್ದವಾಗಬೇಕು, ಕಡಿದಾಗಿ ಇಳಿಯಬೇಕು. ಕೆಳಗಿನ ಗಿಡ್ಡ ಹುಟ್ಟಿನ ಜೊತೆ ಅದರ ಎಳೆತ ಹೊಂದುವುದೇ ಇಲ್ಲ. ಕ್ರಿ.ಪೂ. 167ರಲ್ಲಿ ಮ್ಯಾಸಿಡೋನಿಯದ ಅರಸನ, ಇದೇ ಬಗೆಯ ಎಣಿಕೆಯಿಂದ ‘ಹದಿನಾರರ’ ಎನಿಸಿಕೊಂಡ ಹಡಗನ್ನು ಟೈಬರ್ ನದಿಯಲ್ಲಿ ರೋಮಿನವರೆಗೂ ತಂದರು. ಅದಕ್ಕೆ ಹದಿನಾರು ಅಂತಸ್ತು ಇದ್ದಿರಲು ಸಾಧ್ಯವೇ?

ಒಂದು ಹುಟ್ಟಿಗೆ ಇಬ್ಬರಾದರೆ ಪಳಗಿದವನು ಒಬ್ಬ ಸಾಕು, ಇನ್ನೊಬ್ಬನದು ಬರೀ ಬಲ. ಕಡಲಿನ ರೂಢಿ ಕಡಿಮೆಯಿದ್ದ ರೋಮನ್ನರಿಗೆ ಇದು ಒದಗಿಬಂತು. ಕ್ರಿ.ಪೂ. 260ರ ಸುಮಾರಿಗೆ ಇಂಥ ನೂರು ಹಡಗು ಕಟ್ಟುತ್ತಿರುವಾಗಲೇ ದಡದ ಮೇಲೆ ಹಲಗೆ ಹಾಕಿ ಜನರನ್ನು ಕೂರಿಸಿ, ಒಂದೇ ಕೂಗಿಗೆ ಮುಂದೆ ಬಾಗಿ ಹಿಂದೆ ಎಳೆಯುವುದನ್ನು ಕಲಿಸಿದರು.

ಇನ್ನು ಪದ. ‘ಐದಾಳಿನ ಹಡಗು’ ಚಿಕ್ಕದು, ಚೊಕ್ಕದು. ಆದರೆ ಇಡೀ ಹಡಗಿಗೆ ಐದೇ ಜನ ಎಂಬ ಅರ್ಥ ಬರುತ್ತದೆ. ಆಳುದ್ದ ನೀರಿನ ನೆನಪೂ ಸುಳಿಯುತ್ತದೆ. ಮನೆಯಲ್ಲಿ ಕಂಬದಿಂದ ಕಂಬಕ್ಕಿರುವ ಜಾಗವನ್ನು ‘ಅಂಕಣ’ ಎನ್ನುತ್ತೇವಲ್ಲ, ಐವರ ಗುಂಪು ಕೂರುವ ಜಾಗಕ್ಕೆ ಅದನ್ನೇ ತಂದು ‘ಐವರಂಕಣದ ಹಡಗು’ ಎನ್ನಬಹುದು. ಮೂರು ಸಾಲು ಹುಟ್ಟಿನ ಟ್ರೈರೀಮ್ ಎಂಬ ಹಡಗಿಗೆ ‘ಮೂವರಂಕಣದ ಹಡಗು’, ಅದರಲ್ಲಿ ಹುಟ್ಟಿಗೊಬ್ಬನೇ. ‘ಪಂಚಾಂಕಣ’ ಎಂದು ಮಾತ್ರ ಮಾಡಬೇಡಿ, ಐದು ಅಂಕಣ ಎಂದಾಗಿಬಿಡುತ್ತದೆ. ಮೊದಲ ಸಲ ಬಂದಾಗ ಕ್ವಿಂಕ್ವಿರೀಮ್ ಎಂದೂ ಜೊತೆಗೆ ಬರೆಯಿರಿ.