ಎರಡನೇ ಡೆರಿವೇಟಿವ್ ಸೊನ್ನೆ ಬಂದರೆ ಏನಂತ ಬರೆಯಬೇಕು?

ಪ್ರಶ್ನೆ: ಸೆಕೆಂಡ್ ಪಿಯು, ಹಾಸನ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಮ್ಯಾಕ್ಸಿಮಮ್, ಮಿನಿಮಮ್ ಹುಡುಕುವ ಒಂದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎಫ್(ಎಕ್ಸ್) = ಎಕ್ಸ್⁴ − 4ಎಕ್ಸ್³ + 10. ಎಫ್ ಡ್ಯಾಶ್ (ಮೊದಲ ಡೆರಿವೇಟಿವ್, ಅಂದರೆ ಗ್ರಾಫ್ ಎಷ್ಟು ಇಳಿಜಾರು ಅನ್ನುವುದು) ತೆಗೆದರೆ 4ಎಕ್ಸ್²(ಎಕ್ಸ್ − 3). ಸೊನ್ನೆಗೆ ಸಮ ಮಾಡಿದರೆ ಎಕ್ಸ್ = 0 ಮತ್ತು 3 ಸಿಗುತ್ತದೆ. 3ರಲ್ಲಿ ತೊಂದರೆ ಇಲ್ಲ, ಡಬಲ್ ಡ್ಯಾಶ್ (ಎರಡನೇ ಡೆರಿವೇಟಿವ್) 36, ಪಾಸಿಟಿವ್, ಹಾಗಾಗಿ ಮಿನಿಮಮ್. ಆದರೆ 0 ಹಾಕಿದರೆ ಡಬಲ್ ಡ್ಯಾಶ್ ಕೂಡ ಸೊನ್ನೆ. ಆಗ ಇನ್‌ಫ್ಲೆಕ್ಷನ್ ಪಾಯಿಂಟ್ (ಗ್ರಾಫ್ ಬಾಗುವ ದಿಕ್ಕು ಬದಲಾಗುವ ಜಾಗ) ಅಂತ ಬರೆದುಬಿಡು ಅಂತ ಗೆಳತಿ ಹೇಳಿದಳು. ಸರಿ ಅಂತ ಬರೀ ಎಕ್ಸ್⁴ ತಗೊಂಡು ನೋಡಿದೆ. ಅಲ್ಲೂ 0ಯಲ್ಲಿ ಡಬಲ್ ಡ್ಯಾಶ್ ಸೊನ್ನೆಯೇ, ಆದರೆ ಗ್ರಾಫ್ ಬಟ್ಟಲಿನ ಹಾಗಿದೆ, ತಳದಲ್ಲಿ ಮಿನಿಮಮ್ ಕಣ್ಣಿಗೇ ಕಾಣುತ್ತದೆ! ಯಾವುದು ಸರಿ?

ಉತ್ತರ 1: ನಿವೃತ್ತ ಮೇಷ್ಟ್ರು, ಮೈಸೂರು

ಒಳ್ಳೇ ಪ್ರಶ್ನೆ ಮಗಳೇ. ಎಕ್ಸ್⁴ ಹಾಕಿ ನೋಡಬೇಕು ಅಂತ ನಿನಗೇ ಹೊಳೆದಿದ್ದು ಬಹಳ ಖುಷಿಯಾಯಿತು. ಡಬಲ್ ಡ್ಯಾಶ್ ಸೊನ್ನೆ ಬಂದರೆ ಆ ಪರೀಕ್ಷೆ ಏನೂ ಹೇಳುವುದಿಲ್ಲ, ಅಷ್ಟೇ. ಮ್ಯಾಕ್ಸಿಮಮ್ ಇರಬಹುದು, ಮಿನಿಮಮ್ ಇರಬಹುದು, ಎರಡೂ ಅಲ್ಲದೆ ಇರಬಹುದು. ಆಗ ಎಫ್ ಡ್ಯಾಶ್‌ಗೆ ವಾಪಸ್ ಹೋಗಿ ಆ ಬಿಂದುವಿನ ಎಡಕ್ಕೆ ಏನು ಚಿಹ್ನೆ, ಬಲಕ್ಕೆ ಏನು ಚಿಹ್ನೆ ಅಂತ ನೋಡು.

ನಿನ್ನ ಲೆಕ್ಕದಲ್ಲಿ ಎಕ್ಸ್ = −1 ಹಾಕಿದರೆ ಎಫ್ ಡ್ಯಾಶ್ −16. ಎಕ್ಸ್ = 1 ಹಾಕಿದರೆ −8. ಎರಡು ಕಡೆಯೂ ಮೈನಸ್, ಅಂದರೆ ಎರಡು ಕಡೆಯೂ ಇಳಿಜಾರು. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದಿದ್ದೀಯಾ? ಇಳಿಯುತ್ತಾ ನಂದಿಯ ಹತ್ತಿರ ಬಂದಾಗ ಸಮತಟ್ಟು ಜಾಗ ಸಿಗುತ್ತದೆ, ಒಂದು ಕ್ಷಣ ಕಾಲಿಗೆ ಇಳಿಜಾರು ಗೊತ್ತಾಗುವುದಿಲ್ಲ, ನಂದಿಗೆ ಕೈಮುಗಿದು ಮುಂದೆ ಹೆಜ್ಜೆ ಇಟ್ಟರೆ ಮತ್ತೆ ಇಳಿಯುವುದೇ. ಅದು ಬೆಟ್ಟದ ತುದಿಯೂ ಅಲ್ಲ, ಬುಡವೂ ಅಲ್ಲ. ನಿನ್ನ ಎಕ್ಸ್ = 0 ಅಂಥ ಜಾಗ. ಇಲ್ಲಿ ಅದು ನಿಜವಾಗಿ ಇನ್‌ಫ್ಲೆಕ್ಷನ್ ಪಾಯಿಂಟೇ, ಗೆಳತಿಯ ಉತ್ತರ ಸರಿ, ಕಾರಣ ಮಾತ್ರ ತಪ್ಪು. ಎಕ್ಸ್⁴ಗೆ ಬಂದರೆ 4ಎಕ್ಸ್³ ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್. ಇಳಿದು ಹತ್ತಿದ ಹಾಗೆ, ಆದ್ದರಿಂದ ಮಿನಿಮಮ್.

ಇನ್ನೊಂದು ಮಾತು. ಎಫ್ ಡ್ಯಾಶ್ ಸೊನ್ನೆ ಆಗುವ ಜಾಗ ಮಾತ್ರ ಹುಡುಕಿದರೆ ಸಾಲದು, ಅದು ಇಲ್ಲವೇ ಇಲ್ಲದ ಜಾಗವನ್ನೂ ನೋಡಬೇಕು. ಎಕ್ಸ್‌ನ ಮಾಡ್ಯುಲಸ್‌ಗೆ (ಮೈನಸ್ ಚಿಹ್ನೆ ಬಿಟ್ಟ ಬೆಲೆ) 0ಯಲ್ಲಿ ಡೆರಿವೇಟಿವ್ ಇಲ್ಲ, ಆದರೂ ಅಲ್ಲೇ ಮಿನಿಮಮ್.

ಉತ್ತರ 2: ಪ್ಯಾಕಿಂಗ್ ಡಿಸೈನ್ ಕೆಲಸ, ಬೆಂಗಳೂರು

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ತಂಗಿ, ಸುಮ್ನೆ ಸೂತ್ರ ಬಾಯಿಪಾಠ ಮಾಡಬೇಡ, ಒಂದು ರಟ್ಟು ತಗೊಂಡು ಮಾಡಿ ನೋಡು. 30 ಸೆಂಟಿಮೀಟರ್ ಚೌಕದ ರಟ್ಟಿನ ನಾಲ್ಕು ಮೂಲೆಯಲ್ಲೂ ಎಕ್ಸ್ ಅಳತೆಯ ಚೌಕ ಕತ್ತರಿಸಿ ಬದಿ ಮಡಚಿದರೆ ಮುಚ್ಚಳವಿಲ್ಲದ ಡಬ್ಬಿ ಆಗುತ್ತದೆ, ಅಲ್ವಾ. ಅದರ ಗಾತ್ರ ಎಕ್ಸ್(30 − 2ಎಕ್ಸ್)². ಡೆರಿವೇಟಿವ್ ತೆಗೆದರೆ (30 − 2ಎಕ್ಸ್)(30 − 6ಎಕ್ಸ್), ಸೊನ್ನೆ ಆಗುವುದು 15 ಮತ್ತು 5ರಲ್ಲಿ. 15 ಕತ್ತರಿಸಿದರೆ ರಟ್ಟೇ ಉಳಿಯುವುದಿಲ್ಲ. 5 ಹಾಕಿದರೆ 2000 ಘನ ಸೆಂಟಿಮೀಟರ್. ನಾನು ಮೊದಲ ಸಲ ಇದನ್ನು ಮಾಡಿದಾಗ ನಂಬಿಕೆ ಬರದೆ 4 ಮತ್ತು 6 ಕೂಡ ಕತ್ತರಿಸಿ ನೋಡಿದ್ದೆ. 1936, 1944. ಎರಡು ಕಡೆಯೂ ಕಮ್ಮಿ! ಆ ಮೂರು ಡಬ್ಬಿ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದ ದಿನವೇ ನನಗೆ ಮ್ಯಾಕ್ಸಿಮಮ್ ಅಂದರೇನು ಅಂತ ಅರ್ಥ ಆಗಿದ್ದು.

ಉತ್ತರ 3: ಟ್ಯೂಷನ್ ಹೇಳಿಕೊಡುವವಳು, ಧಾರವಾಡ

ಒಂದು ಎಚ್ಚರಿಕೆ ಸೇರಿಸುತ್ತೇನೆ, ಇಲ್ಲಿ ಜಾಸ್ತಿ ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಸ್ಥಳೀಯ ಗರಿಷ್ಠ ಅಂದರೆ ಅಕ್ಕಪಕ್ಕದವರಿಗಿಂತ ಎತ್ತರ ಅಂತ ಮಾತ್ರ, ಇಡೀ ಊರಿಗೇ ಎತ್ತರ ಅಂತಲ್ಲ. ಎಕ್ಸ್³ − 3ಎಕ್ಸ್ ತಗೋ, −2ರಿಂದ 3ರವರೆಗೆ. −1ರಲ್ಲಿ ಸ್ಥಳೀಯ ಗರಿಷ್ಠ, ಬೆಲೆ 2. ಆದರೆ ಕೊನೆಯ ತುದಿ 3ರಲ್ಲಿ ಬೆಲೆ 18! "ಅತಿ ಹೆಚ್ಚು ಬೆಲೆ" ಅಂತ ಕೇಳಿದ್ದರೆ ಎರಡೂ ತುದಿಗಳ ಬೆಲೆ ಹಾಕಿ ನೋಡಲೇಬೇಕು.

ಪ್ರಶ್ನೆ ಕೇಳಿದವಳು

ತುಂಬಾ ಥ್ಯಾಂಕ್ಸ್ ಸರ್, ಅಣ್ಣ, ಮೇಡಂ. ಈಗ −ಎಕ್ಸ್⁶ಗೆ ಮಾಡಿದೆ. 0ಯಲ್ಲಿ ಡಬಲ್ ಡ್ಯಾಶ್ ಸೊನ್ನೆ, ಎಫ್ ಡ್ಯಾಶ್ ಎಡಕ್ಕೆ ಪ್ಲಸ್, ಬಲಕ್ಕೆ ಮೈನಸ್, ಹಾಗಾಗಿ ಮ್ಯಾಕ್ಸಿಮಮ್. ಸರಿ ಅಲ್ವಾ ಸರ್?

ನಿವೃತ್ತ ಮೇಷ್ಟ್ರು

ಸರಿ ಮಗಳೇ. ಗೆಳತಿಗೂ ತೋರಿಸು.